ಮಾಜಾಳಿಯಾಚೆಯ ಪರದೇಶ

ಭಟ್ಕಳದಲ್ಲಿ ಬೆಳಗಿನ ಗಾಡಿ ಹತ್ತಿದವರು ಮಧ್ಯಾಹ್ನದ ಊಟದ ಹೊತ್ತಿಗೆ ಮಡಗಾವಿನಲ್ಲಿರಬಹುದು. ಹೊನ್ನಾವರದ ಬಳಿ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆಯನ್ನು ಗಾಡಿ ದಾಟುವಾಗ ಮಕ್ಕಳು ಕಿಟಕಿಗೆ ಮುಖವೊತ್ತಿ ನೋಡುತ್ತಾರೆ. ಕುಮಟೆಯಲ್ಲಿ ಒಂದಿಷ್ಟು ಜನ ಇಳಿಯುತ್ತಾರೆ, ಮತ್ತಷ್ಟು ಜನ ಹತ್ತುತ್ತಾರೆ. ಅಂಕೋಲೆ ಕಳೆಯಿತು, ಕಾರವಾರ ಕಳೆಯಿತು, ಕಾಳಿ ಹೊಳೆ ಹಿಂದೆ ಉಳಿಯಿತು. ಅಸ್ನೋಟಿಯಿಂದ ಲೋಲಿಯೆಗೆ ಬರುವಷ್ಟರಲ್ಲಿ ಗಾಡಿ ಒಂದು ಗಡಿಯನ್ನು ದಾಟಿರುತ್ತದೆ. ನಿಲ್ದಾಣದ ಫಲಕದಲ್ಲಿ ಕನ್ನಡದ ಅಕ್ಷರ ಕಾಣದಾದಾಗಲೇ ಬೇರೆ ರಾಜ್ಯ ಬಂದಿತೆಂದು ಹಲವರಿಗೆ ತಿಳಿಯುವುದು. ತಿಳಿದವರು ಕೂಡ ಅದಕ್ಕಾಗಿ ಕೈಯಲ್ಲಿನ ಕಡಲೆಕಾಯಿಯನ್ನು ಕೆಳಗಿಡುವುದಿಲ್ಲ.

1961ನೆಯ ಇಸವಿಯ ಡಿಸೆಂಬರ್ 19ರವರೆಗೆ ಈ ಗಡಿ ಎರಡು ರಾಜ್ಯಗಳ ನಡುವಿನದಾಗಿರಲಿಲ್ಲ. ಎರಡು ದೇಶಗಳ ನಡುವಿನದಾಗಿತ್ತು. ಮಾಜಾಳಿಯಿಂದ ಈಚೆಗೆ ಭಾರತ, ಪೋಳೆಯಿಂದ ಆಚೆಗೆ ಪೋರ್ಚುಗಲ್. ಗೋವೆ ತನ್ನ ವಸಾಹತೆಂದು ಒಪ್ಪಿಕೊಳ್ಳಲು ಕೂಡ ಲಿಸ್ಬನ್ನಿನ ಸರಕಾರ ಸಿದ್ಧವಿರಲಿಲ್ಲ. 1951ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ಇವೆಲ್ಲ ಸಮುದ್ರದಾಚೆಗಿರುವ ತನ್ನ ಪ್ರಾಂತಗಳು ಎಂದು ಅದು ಬರೆದುಕೊಂಡಿತು. ಆ ಲೆಕ್ಕವನ್ನು ನಂಬುವುದಾದರೆ ಯುರೋಪು ಖಂಡದ ಒಂದು ರಾಷ್ಟ್ರ ಕಾರವಾರದ ಪೇಟೆಯಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ತೆಂಗಿನ ತೋಟವೊಂದರ ಬೇಲಿಯಾಚೆ ಪ್ರಾರಂಭವಾಗುತ್ತಿತ್ತು!

ಭಾರತದ ನೆಲಗಡಿಗಳ ಒಟ್ಟು ಉದ್ದ 15,000 ಕಿಲೋಮೀಟರನ್ನು ಮೀರುತ್ತದೆ. ಅದರ ಮುಂದೆ ಪೋರ್ಚುಗಲ್ಲಿನೊಡನೆ ಇದ್ದ ಗಡಿ ನಕಾಶೆಯ ಮೇಲೆ ಒಂದು ಹೆಬ್ಬೆರಳು ಇಟ್ಟರೆ ಮುಚ್ಚಿಹೋಗುವಷ್ಟು ಚಿಕ್ಕದು. ಆದರೆ ಆ ಗಡಿ ಎಲ್ಲಿಂದ ಬಂತು, ಅದನ್ನು ಎಳೆದವರು ಯಾರು ಎಂದು ಹುಡುಕುತ್ತ ಹೋದರೆ ಉತ್ತರ ಲಿಸ್ಬನ್ನಿನಲ್ಲಿ ಮಾತ್ರ ಸಿಗುವುದಿಲ್ಲ. ಅರ್ಧ ಉತ್ತರ ಹೊನ್ನಾವರದ ಅಳಿವೆಯಲ್ಲಿದೆ. ಉಳಿದುದರಲ್ಲಿ ದೊಡ್ಡ ಪಾಲು ಶಿರಸಿಯ ಬಳಿಯ ಸೋದೆಯಲ್ಲಿದೆ. ಉತ್ತರ ಕನ್ನಡಕ್ಕೆ ಪರದೇಶದ ಗಡಿಯನ್ನು ತಂದಿಟ್ಟವರಲ್ಲಿ ಉತ್ತರ ಕನ್ನಡದವರೂ ಇದ್ದರು.

ಹೊನ್ನಾವರಕ್ಕೂ ಗೋವೆಗೂ ನಂಟು ಬಹು ಹಳೆಯದು. 14ನೆಯ ಶತಮಾನದ ನಡುಭಾಗದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತ ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಹೆಣ್ಣುಮಕ್ಕಳ ಓದಿನ ಬಗ್ಗೆ ಮಾತನಾಡುವ ನಮ್ಮ ಸಭೆಗಳಲ್ಲಿ ಈ ಸಂಖ್ಯೆ ಏಕೋ ಕೇಳಿಬರುವುದೇ ಇಲ್ಲ. ಅದೇ ಯಾತ್ರಿಕ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಹಡಗುಪಡೆಯೊಡನೆ ಸಂದಾಪುರದ ಮೇಲೆ, ಎಂದರೆ ಗೋವೆಯ ಮೇಲೆ, ನಡೆದ ದಾಳಿಯಲ್ಲಿ ತಾನೂ ಪಾಲುಗೊಂಡ. ಗೋವೆಯನ್ನು ಗೆಲ್ಲುವುದಕ್ಕೆ ಹೊನ್ನಾವರದಿಂದ ಹೊರಡುವುದು ಹೀಗೆ ಆಗಲೇ ಪರಿಚಿತವಾದ ದಾರಿಯಾಗಿತ್ತು.

ಪೋರ್ಚುಗೀಸರು ಬಂದಾಗ ಆ ದಾರಿಯನ್ನು ತೋರಿಸಿದವನು ತಿಮ್ಮಯ್ಯ. ಪರಂಗಿಯವರ ಬರಹಗಳಲ್ಲಿ ಅವನ ಹೆಸರು ತಿಮೋಜ. ಹೊನ್ನಾವರವನ್ನು ನೆಲೆಯಾಗಿಟ್ಟುಕೊಂಡು ಕಡಲಿನ ಮೇಲೆ ಬದುಕಿದ ಈತ ವಿಜಯನಗರದ ಪಕ್ಷದವನು. ಅವನ ಶತ್ರುಗಳ ಬಾಯಲ್ಲಿ ಕಡಲುಗಳ್ಳ. 1502ರಲ್ಲಿ ವಾಸ್ಕೋ ಡ ಗಾಮ ತನ್ನ ಎರಡನೆಯ ಯಾನದಲ್ಲಿ ಈತನ ಹಡಗುಗಳನ್ನು ಸುಟ್ಟಿದ್ದ. ಸುಟ್ಟವರನ್ನೇ ತರುವಾಯ ಈತ ಮಿತ್ರರನ್ನಾಗಿ ಮಾಡಿಕೊಂಡ. 1510ರ ಪ್ರಾರಂಭದಲ್ಲಿ ಆಲ್ಬುಕರ್ಕ್ ಎಂಬ ಪೋರ್ಚುಗೀಸ್ ಅಧಿಪತಿ ಹಡಗುಪಡೆಯನ್ನು ಕೂಡಿಸಿಕೊಂಡು ಕೆಂಪು ಸಮುದ್ರದ ಕಡೆಗೆ ಹೊರಟಿದ್ದ. ಅಷ್ಟು ದೂರ ಏಕೆ ಹೋಗುವಿರಿ, ಬಿಜಾಪುರದ ಆದಿಲಶಾಹಿಯ ಕೈಯಲ್ಲಿರುವ ಗೋವೆ ಈಗ ದುರ್ಬಲವಾಗಿದೆ, ಅದನ್ನು ಹಿಡಿಯಿರಿ ಎಂದು ದಾರಿ ತಿರುಗಿಸಿದವನು ತಿಮ್ಮಯ್ಯನೇ. ಅವನ ಜನ ಕಾಳಿಯ ಅಳಿವೆಯಲ್ಲಿದ್ದ ಚಿತ್ತಾಕುಲದ ಕೋಟೆಯನ್ನು ಹಿಡಿದರು. ಇಂದಿನ ಸದಾಶಿವಗಡದ ಆಸುಪಾಸು ಅದು. ಮಾಜಾಳಿಗೆ ತೀರ ನೆರೆ. ಗೋವೆ ಪೋರ್ಚುಗೀಸರ ಕೈ ಸೇರಿ, ಕೆಲವೇ ತಿಂಗಳಲ್ಲಿ ಕೈಬಿಟ್ಟು, ಅದೇ ವರ್ಷದ ನವೆಂಬರ್ 25ರಂದು ಮತ್ತೆ ಕೈ ಸೇರಿತು. ಆಮೇಲೆ ಅವರು ಅದನ್ನು ನಾಲ್ಕೂವರೆ ಶತಮಾನ ಬಿಡಲಿಲ್ಲ.

ತಿಮ್ಮಯ್ಯನ ಲೆಕ್ಕ ಬೇರೆಯಿತ್ತು. ಈ ಪರದೇಶಿಗಳು ಕೊಳ್ಳೆ ಹೊಡೆದು ಹೊರಟುಹೋಗುತ್ತಾರೆ, ಗೋವೆಯ ನೆಲ ತನಗೆ ಉಳಿಯುತ್ತದೆ ಎಂದು ಅವನು ಎಣಿಸಿದ್ದಿರಬೇಕು. ಅವರು ಅವನಿಗೆ ಸುತ್ತಲ ಹಳ್ಳಿಗಳ ಕಂದಾಯದ ಅಧಿಕಾರ ಕೊಟ್ಟರು. ಅದೂ ಬಹುಕಾಲ ನಿಲ್ಲಲಿಲ್ಲ. ಕೊನೆಗೆ ವಿಜಯನಗರದ ಕಡೆಗೆ ಸರಿದುಹೋದ ಆತ ಮತ್ತೆ ತಲೆಯೆತ್ತಲಿಲ್ಲ. ಮಿತ್ರನೆಂದು ಒಳಗೆ ಕರೆತಂದವನೇ ಮೊದಲು ಹೊರಬಿದ್ದ ಈ ಕಥೆಯನ್ನು ಕೇಳಿದಾಗ ಅವನ ಮೇಲೆ ಸಿಟ್ಟೂ ಬರುತ್ತದೆ, ಕನಿಕರವೂ ಬರುತ್ತದೆ. ಇಂದಿನ ದೇಶಾಭಿಮಾನದ ತಕ್ಕಡಿಯಲ್ಲಿ ಅವನನ್ನು ತೂಗುವುದು ಸುಲಭ, ಆದರೆ ನ್ಯಾಯವಲ್ಲ. ಆದಿಲಶಾಹಿಯೇ ಅವನ ಪಾಲಿಗೆ ಪರದೇಶವಾಗಿತ್ತು.

ಅಕ್ಕಿಯ ವಿಚಾರವನ್ನು ಬಿಟ್ಟು ಈ ಗಡಿಯ ಮಾತನ್ನಾಡುವಂತಿಲ್ಲ. ವಾಸ್ಕೋ ಡ ಗಾಮ 1502ರಲ್ಲಿ ಭಟ್ಕಳದ ಅರಸನಿಂದ ಕಪ್ಪವಾಗಿ ಕೇಳಿದ್ದು ಚಿನ್ನವನ್ನಲ್ಲ, ಪ್ರತಿವರ್ಷದ ಅಕ್ಕಿಯನ್ನು. ಕಪ್ಪ ಕೊಡಲೊಪ್ಪದ ಭಟ್ಕಳದ ರಾಣಿಯ ಊರನ್ನು 1542ರಲ್ಲಿ ಗವರ್ನರ್ ಮಾರ್ಟಿಮ್ ಅಫೋನ್ಸೊ ಡಿ ಸೋಜ ಸುಟ್ಟುಹಾಕಿದ. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು ಆ ಪೆಟ್ಟಿನಿಂದ ಬಹುಕಾಲ ಚೇತರಿಸಿಕೊಳ್ಳಲಿಲ್ಲ. ಗೋವೆಯ ಗದ್ದೆ ಗೋವೆಯ ಹೊಟ್ಟೆಗೆ ಸಾಲುತ್ತಿರಲಿಲ್ಲ. ಕೆನರಾದ ಬಂದರುಗಳಿಂದ ಅಕ್ಕಿ ಹೊತ್ತ ದೋಣಿಗಳು ಸಾಲುಗಟ್ಟಿ, ಕಾವಲು ಹಡಗುಗಳ ನಡುವೆ, ಗೋವೆಗೆ ಹೋಗುತ್ತಿದ್ದವು. ಈ ಸಾಲಿಗೆ ಪೋರ್ಚುಗೀಸರು ಇಟ್ಟುಕೊಂಡಿದ್ದ ಹೆಸರು ಕಾಫಿಲ. ಕಾಫಿಲ ತಡವಾದ ವರ್ಷ ಗೋವೆಯಲ್ಲಿ ಹಸಿವು. ಆದ್ದರಿಂದ ಅವರಿಗೆ ಕೆನರಾದ ತೀರದಲ್ಲಿ ಕೋಟೆಗಳು ಬೇಕಾದವು. 1569ರಲ್ಲಿ ಹೊನ್ನಾವರದ ಕೋಟೆ ಅವರ ವಶವಾಯಿತು. ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳುತ್ತಿದ್ದ ಕಾಲವದು. ಕಾಳುಮೆಣಸಿನ ರಾಣಿ ಎಂದು ಅವರೇ ಕರೆದ ಈ ಅರಸಿಯೊಡನೆ ಅವರದು ಒಂದು ವರ್ಷ ಯುದ್ಧ, ಮರುವರ್ಷ ವ್ಯಾಪಾರ.

ಹೀಗೆ 1569ರಿಂದ 85 ವರ್ಷಗಳ ಕಾಲ ಪೋರ್ಚುಗಲ್ಲಿನ ಗಡಿ ಮಾಜಾಳಿಯಲ್ಲಿರಲಿಲ್ಲ, ಹೊನ್ನಾವರದ ನಡುವೆಯೇ ಇತ್ತು. ಕೋಟೆಯ ಗೋಡೆಯೇ ಗಡಿ. ಗೋಡೆಯೊಳಗೆ ಕ್ಯಾಪ್ಟನ್ನನ ಮನೆ, ಇಗರ್ಜಿ, ಪೋರ್ಚುಗೀಸ್ ಕಾಯಿದೆ. ಗೋಡೆಯ ಹೊರಗೆ ಮೊದಲು ಗೇರುಸೊಪ್ಪೆಯ, ಆಮೇಲೆ ಕೆಳದಿಯ ನೆಲ. ಇಷ್ಟು ಚಿಕ್ಕ ಪರದೇಶದ ಗಡಿ ಕನ್ನಡ ನಾಡಿನಲ್ಲಿ ಅಪರೂಪ. ಬೆಳಗ್ಗೆ ಕೋಟೆಯೊಳಗೆ ಮೀನು ಮಾರಿ ಬಂದವಳು ಆ ದಿನ ಎರಡು ರಾಜ್ಯಗಳನ್ನು ಕಂಡು ಬಂದವಳು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಗೋಡೆಯನ್ನು ದಾಟಿ ಒಳನಾಡಿಗೆ ಹೋದ. ಗೋವೆಯ ವೈಸರಾಯನು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರದ ಜೊತೆಗಾರನಾಗಿ ಅವನು ಬಂದಿದ್ದ. ರಾಯಭಾರಿ ಪೋರ್ಚುಗೀಸನಾದ ಫರ್ನಾಂಡಿಸ್ ಲೈತಾಂವ್. ಅವನೊಡನೆ ಗೋವೆಯಿಂದ ಹಿಂದಿರುಗುತ್ತಿದ್ದ ವೆಂಕಟಪ್ಪ ನಾಯಕನ ರಾಯಭಾರಿಯ ಹೆಸರು ವಿಠ್ಠಲ ಶೆಣೈ. ಗಡಿಯ ಎರಡು ಪಕ್ಕದ ಮಾತನ್ನೂ ಬಲ್ಲವನು ಒಬ್ಬ ಶೆಣೈ ಆಗಿದ್ದನೆಂಬುದರಲ್ಲಿ ಕುಮಟೆ, ಹೊನ್ನಾವರಗಳವರಿಗೆ ಆಶ್ಚರ್ಯವೇನೂ ಕಾಣದು. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯ ಪ್ರಯಾಣ. ಎರಡೂ ದಡದ ಹಸಿರನ್ನು ದೆಲ್ಲಾ ವಾಲ್ಲೆ ಬಾಯಿತುಂಬ ಹೊಗಳಿದ್ದಾನೆ. ಘಟ್ಟದ ಹಾದಿಯಲ್ಲಿ ಸಾಮಾನು ಬರುವುದನ್ನು ಕಾಯುತ್ತಿದ್ದಾಗ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಅಂಕಿ ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಅವನು ಅದನ್ನು ಬರೆದಿಟ್ಟ. ರಾಯಭಾರದಲ್ಲಿ ಮೆಣಸಿನ ವ್ಯವಹಾರ ಏನಾಯಿತೆಂದು ಇಂದು ಯಾರಿಗೂ ಬೇಕಿಲ್ಲ. ಆ ನಾಲ್ವರು ಹುಡುಗರ ಮರಳುಲೆಕ್ಕ ಮಾತ್ರ ಜಗತ್ತಿನ ಶಿಕ್ಷಣದ ಇತಿಹಾಸಗಳಲ್ಲಿ ಉಳಿದುಕೊಂಡಿದೆ.

1654ರಲ್ಲಿ ಶಿವಪ್ಪ ನಾಯಕನ ಸೇನೆ ಹೊನ್ನಾವರದ ಕೋಟೆಯನ್ನು ಹಿಡಿಯಿತು. ಬಸರೂರು, ಗಂಗೊಳ್ಳಿ, ಮಂಗಳೂರುಗಳಿಗೂ ಆ ಒಂದೆರಡು ವರ್ಷಗಳಲ್ಲಿ ಅದೇ ಗತಿಯಾಯಿತು. ಆದರೆ ಕೆಳದಿಯವರಿಗೆ ಅಕ್ಕಿ ಮಾರಬೇಕಿತ್ತು, ಗೋವೆಯವರಿಗೆ ಅಕ್ಕಿ ಕೊಳ್ಳಬೇಕಿತ್ತು. 1670ರ ದಶಕದ ಒಪ್ಪಂದಗಳಲ್ಲಿ ಪೋರ್ಚುಗೀಸರಿಗೆ ಮತ್ತೆ ವ್ಯಾಪಾರದ ಕೋಠಿಗಳನ್ನು ಇಟ್ಟುಕೊಳ್ಳುವ ಅನುಮತಿ ದೊರೆಯಿತು. ಹಿಂದಿನಂಥ ಕೋಟೆಗಳು ದೊರೆಯಲಿಲ್ಲ. ಗೋಡೆ ಹೋಗಿ ಅಕ್ಕಿ ಉಳಿಯಿತು.

ಇನ್ನು ದೇವರ ವಿಚಾರ. ಭಟ್ಕಳ, ಹೊನ್ನಾವರ, ಕುಮಟೆಗಳ ಸಾರಸ್ವತ ಮನೆಗಳಲ್ಲಿ ಕುಲದೇವರು ಯಾರೆಂದು ಕೇಳಿದರೆ ಬರುವ ಹೆಸರುಗಳು ಮಂಗೇಶ, ಶಾಂತಾದುರ್ಗೆ, ಮಹಾಲಸೆ, ನಾಗೇಶ. ಎಲ್ಲರೂ ಗೋವೆಯವರು. ಗೋವೆಯೊಳಗೂ ಅವರಲ್ಲಿ ಹಲವರದು ಎರಡನೆಯ ಮನೆ. 1560ರ ದಶಕದಲ್ಲಿ ಪೋರ್ಚುಗೀಸರು ದೇವಾಲಯಗಳನ್ನು ಕೆಡವತೊಡಗಿದಾಗ ಭಕ್ತರು ಕುಶಸ್ಥಳಿಯ ಮಂಗೇಶನನ್ನು ಎತ್ತಿಕೊಂಡು ಹೊಳೆ ದಾಟಿ ಪ್ರಿಯೋಳಕ್ಕೆ ಬಂದರು; ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ ಬಂದಳು. ಹೊಳೆಯ ಆಚೆಯ ಫೋಂಡೆ ಆಗ ಆದಿಲಶಾಹಿಯ ನೆಲ. ಪೋರ್ಚುಗಲ್ಲಿನ ಗಡಿಯನ್ನು ತಲೆಯ ಮೇಲೆ ಹೊತ್ತು ದಾಟಿಸಿದ ಮೊದಲ ವಸ್ತು ದೇವರ ಮೂರ್ತಿಗಳೇ ಎನ್ನಬೇಕು. ಮನುಷ್ಯರು ಇನ್ನೂ ದೂರ ನಡೆದರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ದಾಟಿ ದಕ್ಷಿಣಕ್ಕೆ ಬಂದು ಅಂಗಡಿ ಇಟ್ಟರು, ಶ್ಯಾನುಭೋಗಿಕೆ ಬರೆದರು, ಕೊಂಕಣಿಯನ್ನು ಮನೆಯೊಳಗಿಟ್ಟುಕೊಂಡು ಬೀದಿಯಲ್ಲಿ ಕನ್ನಡವನ್ನು ಕಲಿತರು.

ಈ ದಾರಿ ಹಿಂದೂಗಳದೊಂದೇ ಆಗಿರಲಿಲ್ಲ. ತೆರಿಗೆ, ಬರ, ಯುದ್ಧಗಳಿಗೆ ಬೇಸತ್ತ ಗೋವೆಯ ಕ್ರೈಸ್ತರೂ ಕೆಳದಿಯ ನೆಲದಲ್ಲಿ ಗದ್ದೆ ಹುಡುಕಿಕೊಂಡು ಬಂದರು. ಕುಮಟೆಗೂ ಹೊನ್ನಾವರಕ್ಕೂ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರನ ಇಗರ್ಜಿ ಇದೆ. ಅಲ್ಲಿಯ ಹಬ್ಬಕ್ಕೆ ಎಲ್ಲ ಮತದವರೂ ಹೋಗುತ್ತಾರೆ. ಆಫ್ರಿಕೆಯಿಂದ ಗುಲಾಮರನ್ನಾಗಿ ತಂದವರಲ್ಲಿ ಗೋವೆಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಹೊಕ್ಕರು. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಸಿದ್ದಿಯರ ಪೂರ್ವಿಕರಲ್ಲಿ ಅವರೂ ಇದ್ದಾರೆ. ಅವರ ಪಾಲಿಗೆ ಆ ಗಡಿ ಬಿಡುಗಡೆಯ ಹೊಸ್ತಿಲಾಗಿತ್ತು. ಗಡಿ ಎಂದೊಡನೆ ಅಗಲಿಕೆಯನ್ನೇ ನೆನೆಯುವ ನಮಗೆ ಈ ಮುಖ ಮರೆತುಹೋಗುತ್ತದೆ.

ದೇವರು ಗಡಿ ದಾಟಿ ಇನ್ನೂರು ವರ್ಷಗಳಾದ ಮೇಲೆ ಗಡಿಯೇ ನಡೆದು ದೇವರ ಬಳಿಗೆ ಬಂತು. ಇಲ್ಲಿ ಸೋದೆಯ ಕಥೆ ಬರುತ್ತದೆ. ಶಿರಸಿಯ ಬಳಿಯ ಸೋದೆಯಲ್ಲಿ ರಾಜಧಾನಿಯಿಟ್ಟುಕೊಂಡಿದ್ದ ಅರಸರ ಆಳ್ವಿಕೆ 18ನೆಯ ಶತಮಾನದಲ್ಲಿ ಘಟ್ಟದ ಕೆಳಗೆ ಕಾಣಕೋಣ, ಫೋಂಡೆಗಳವರೆಗೆ ಚಾಚಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು, ಬಳಿಕ ಸೋದೆಯ ಮೇಲೆ ಸೇನೆ ಕಳಿಸಿದ. ಸೋದೆಯ ಅರಸ ಇಮ್ಮಡಿ ಸದಾಶಿವ ಪರಿವಾರದೊಡನೆ ಗೋವೆಗೆ ಓಡಿ ಪೋರ್ಚುಗೀಸರ ಆಶ್ರಯ ಬೇಡಿದ. ಆಶ್ರಯ ದೊರೆಯಿತು, ವರ್ಷಾಶನವೂ ದೊರೆಯಿತು. ಪ್ರತಿಯಾಗಿ ಘಟ್ಟದ ಕೆಳಗಿನ ನಾಡುಗಳು ಅವರ ಕೈಸೇರಿದವು. 1791ರ ಒಪ್ಪಂದದಲ್ಲಿ ಫೋಂಡೆ, ಕಾಣಕೋಣ ಮೊದಲಾದವು ವಿಧಿಪೂರ್ವಕವಾಗಿ ಪೋರ್ಚುಗೀಸರದಾದವು. ಅಲ್ಲಿಗೆ ದಕ್ಷಿಣದ ಗಡಿ ಪೋಳೆ–ಮಾಜಾಳಿಗಳ ನಡುವೆ ನಿಂತಿತು. ಸೋದೆಯ ವಂಶ ಗೋವೆಯ ಬಾಂದಿವಡೆಯಲ್ಲಿ ಅರಮನೆ ಮಾಡಿಕೊಂಡು ಉಳಿಯಿತು.

ಪರಂಗಿಯವರಿಂದ ಓಡಿಬಂದಿದ್ದ ಮಂಗೇಶನೂ ಮಹಾಲಸೆಯೂ ಹೀಗೆ ಕುಳಿತಲ್ಲಿಯೇ ಪರಂಗಿಯ ಪ್ರಜೆಗಳಾದರು. ಕಾಲ ಮಾತ್ರ ಬದಲಾಗಿತ್ತು. ಹೊಸದಾಗಿ ಸೇರಿದ ನಾಡುಗಳಲ್ಲಿ ಜನರ ಧರ್ಮಾಚರಣೆಗೆ ಕೈಹಾಕುವುದಿಲ್ಲವೆಂದು ಪೋರ್ಚುಗೀಸರು ಮಾತು ಕೊಟ್ಟರು, ಬಹುಮಟ್ಟಿಗೆ ನಡೆದೂ ಕೊಂಡರು. ಇಂದು ಪ್ರವಾಸಿಗಳು ನೋಡಿ ಮೆಚ್ಚುವ ಫೋಂಡೆಯ ದೇವಾಲಯಗಳು ಉಳಿದದ್ದು ಹೀಗೆ.

ಬ್ರಿಟಿಷರು ಬಂದ ಮೇಲೆ ಈ ಗಡಿಯಲ್ಲಿ ಕೋವಿಗಿಂತ ಸುಂಕದ ಪೆಟ್ಟಿಗೆ ದೊಡ್ಡದಾಯಿತು. ಉಪ್ಪಿಗೆ ಅವರು ಭಾರಿ ತೆರಿಗೆ ಹಾಕಿದ್ದರು. ಗೋವೆಯ ಉಪ್ಪು ಅಗ್ಗ. ಕಳ್ಳದಾರಿಯಲ್ಲಿ ಉಪ್ಪು ಬರುವುದನ್ನು ತಡೆಯುವುದೇ ಒಂದು ದೊಡ್ಡ ತಲೆನೋವಾಯಿತು. ಕುಮಟಾ ತಾಲೂಕಿನ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಅಲ್ಲಿ ಬೆಳೆದ ಉಪ್ಪು ತೆರಿಗೆ ತೆತ್ತು ಮಾರುಕಟ್ಟೆಗೆ ಹೋಗಬೇಕು. ಗಡಿಯಾಚೆಯದು ರಾತ್ರಿಯ ಹೊತ್ತು ಗುಡ್ಡ ಹತ್ತಿ ಇಳಿದರೆ ಸಾಕು. 1878ರಲ್ಲಿ ಲಿಸ್ಬನ್ನಿನಲ್ಲಿ ಒಪ್ಪಂದವೊಂದಾಯಿತು. ಗೋವೆಯ ಉಪ್ಪಿನ ಮೇಲಿನ ಹಿಡಿತವನ್ನು ಬ್ರಿಟಿಷರು ಪಡೆದರು, ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಲೊಪ್ಪಿದರು, ನಡುವಿನ ಸುಂಕದ ಕಟ್ಟೆಗಳನ್ನು ತೆಗೆದರು. ಒಪ್ಪಂದ 1892ರಲ್ಲಿ ಮುಗಿದುಹೋಯಿತು.

ಆದರೆ ಆ ಒಪ್ಪಂದದ ಇನ್ನೊಂದು ಅಂಗವಾದ ರೈಲುದಾರಿ ಮುಗಿಯಲಿಲ್ಲ. ಅದರ ಪೆಟ್ಟು ಬಿದ್ದದ್ದು ಕುಮಟೆಗೆ. ಧಾರವಾಡದ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆಯ ಘಟ್ಟ ಇಳಿದು, ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಕುಮಟೆಯ ಹೊಲದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಇಂಗ್ಲೆಂಡಿನ ಗಿರಣಿಗಳವರಿಗೆ ಆ ಹತ್ತಿಯ ಹೆಸರೇ ಕುಮಟಾ ಹತ್ತಿ. ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ಅದು ಇಂದಿಗೂ ಒಂದು ತಳಿಯ ಹೆಸರು. 1880ರ ದಶಕದಲ್ಲಿ ಮುರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕಿಗೆ ರೈಲು ಏರಿಬಂದು ಹುಬ್ಬಳ್ಳಿಯ ಕಡೆಯ ರೈಲನ್ನು ಕೂಡಿದಾಗ ಹತ್ತಿಯ ಮೂಟೆಗಳು ದಾರಿ ಬದಲಿಸಿದವು. ಗಡಿ ಮುಚ್ಚಿದ್ದರಿಂದ ಕೆಟ್ಟ ಊರುಗಳ ಕಥೆ ಲೋಕದಲ್ಲಿ ಬಹಳ. ಗಡಿ ತೆರೆದದ್ದರಿಂದ ಬಡವಾದ ಊರು ಕುಮಟೆ. ಗಾಡಿಯವನು, ಹಮಾಲ, ದೋಣಿಯ ತಂಡೇಲ, ದಲಾಲಿ ಎಲ್ಲರ ಅನ್ನವೂ ಪರದೇಶದ ಬಂದರಿಗೆ ಹೊರಟುಹೋಯಿತು.

ಭಟ್ಕಳದ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಂದಿನಿಂದ ಭಟ್ಕಳದ ದಕ್ಷಿಣಕ್ಕೆ, ಶಿರೂರಿನಲ್ಲಿ, ಮದರಾಸು ಪ್ರಾಂತ ಪ್ರಾರಂಭ. ಉತ್ತರದ ತುದಿಗೆ ಪೋರ್ಚುಗಲ್ಲು. ಒಂದೇ ಕರಾವಳಿಯ ಒಂದೇ ಜನ, ಒಂದೇ ಮೀನು, ಒಂದೇ ಕುಚ್ಚಲಕ್ಕಿ. ಕೋರ್ಟಿನ ಅಪೀಲು ಮಾತ್ರ ಕೆಲವರದು ಮುಂಬಯಿಗೆ, ಕೆಲವರದು ಮದರಾಸಿಗೆ. ದಕ್ಷಿಣದ ಗಡಿ 1956ರ ನವೆಂಬರ್ 1ರಂದು ಕಾಗದದ ಮೇಲೆ ಸದ್ದಿಲ್ಲದೆ ಅಳಿಯಿತು. ಉತ್ತರದ್ದು ಅಳಿಯಲು ಇನ್ನೂ ಐದು ವರ್ಷ ಬೇಕಾಯಿತು, ಸದ್ದೂ ಆಯಿತು.

1947ರ ತರುವಾಯವೂ ಗಡಿ ಕೆಲಕಾಲ ಹಳೆಯ ಸಡಿಲಿನಲ್ಲೇ ಇತ್ತು. 1954ರಿಂದ ಬಿಗಿ ಹೆಚ್ಚಿತು. 1955ರ ಆಗಸ್ಟ್ 15ರಂದು ಕೈಯಲ್ಲಿ ಆಯುಧವಿಲ್ಲದ ಸತ್ಯಾಗ್ರಹಿಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹಲವು ದಿಕ್ಕಿನಿಂದ ಗೋವೆಯನ್ನು ಹೊಕ್ಕಾಗ ಪೋರ್ಚುಗೀಸ್ ಪೋಲೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಭಾರತ ಗಡಿಯನ್ನು ಮುಚ್ಚಿತು. ಕ್ಯಾಸಲ್‌ರಾಕಿನ ರೈಲು ನಿಂತಿತು, ಸರಕು ನಿಂತಿತು. ನಾಲ್ಕು ನೂರು ವರ್ಷ ಕೆನರಾದ ಅಕ್ಕಿಯನ್ನು ಉಂಡ ಗೋವೆಗೆ ಪಾಕಿಸ್ತಾನದಿಂದ ಅಕ್ಕಿ, ಹಾಲೆಂಡಿನಿಂದ ಆಲೂಗಡ್ಡೆ ಹಡಗಿನಲ್ಲಿ ಬರತೊಡಗಿದವು. ಸಾಲಾಜಾರನ ಸರಕಾರ ಇದರಿಂದ ಮಣಿಯಲಿಲ್ಲ. ಕಬ್ಬಿಣದ ಅದಿರಿನ ಹಣ ಗೋವೆಗೆ ಸೇರುತ್ತಿದ್ದುದರಿಂದ ದಿಗ್ಬಂಧನ ಲೆಕ್ಕಪತ್ರಗಳಲ್ಲಿ ಎಷ್ಟು ಗಟ್ಟಿಯಾಗಿ ಕಂಡಿತೋ ಪೇಟೆಯಲ್ಲಿ ಅಷ್ಟು ನಾಟಲಿಲ್ಲ.

ಅದು ನಾಟಿದ್ದು ಎರಡು ಪಕ್ಕದ ಮನೆಗಳಿಗೆ. ತೌರುಮನೆ ಕಾಣಕೋಣದಲ್ಲಿ, ಸೇರಿದ ಮನೆ ಕುಮಟೆಯಲ್ಲಿ ಎಂಬಂಥ ಹೆಂಗಸರು ಈ ಕರಾವಳಿಯಲ್ಲಿ ಕಡಮೆಯಿರಲಿಲ್ಲ. ಹೊಳೆಗಳನ್ನು ತಾರಿಯಲ್ಲಿ ದಾಟಿ, ಬಸ್ಸು ಬದಲಿಸಿ, ಒಂದು ಹಗಲಿನಲ್ಲಿ ಮುಗಿಸುತ್ತಿದ್ದ ಪ್ರಯಾಣಕ್ಕೆ ಈಗ ಪರವಾನಗಿ ಬೇಕು. ಪರವಾನಗಿಗೆ ಕಾರಣ ಬೇಕು. ತಾಯಿಯನ್ನು ನೋಡುವುದು ಕಚೇರಿಯ ಕಣ್ಣಿಗೆ ಅಂಥ ದೊಡ್ಡ ಕಾರಣವಲ್ಲ. ಮದುವೆಯಾದ ಹೊಸ ದಂಪತಿಗಳು ಕುಲದೇವರ ಮುಂದೆ ಕಾಯಿ ಒಡೆಸಿ ಬರಬೇಕೆಂಬುದು ರೂಢಿ. ಆ ಆರು ವರ್ಷಗಳಲ್ಲಿ ಮದುವೆಯಾದವರಿಗೆ ಮಂಗೇಶನೂ ಶಾಂತಾದುರ್ಗೆಯೂ ಲಿಸ್ಬನ್ನಿನಷ್ಟೇ ದೂರ. ಹರಕೆಯ ದುಡ್ಡನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟು ಕಾಯುವುದಲ್ಲದೆ ಬೇರೆ ಉಪಾಯವಿರಲಿಲ್ಲ. ದಿಗ್ಬಂಧನ ಅಗತ್ಯವಾಗಿತ್ತೆಂದು ಒಪ್ಪುವವರೂ ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂದಿನ ದೊಡ್ಡ ಮಾತುಗಳ ನಡುವೆ ಅದನ್ನು ಹಿಡಿದವರು ಕಡಮೆ.

ಗಡಿಯ ಒಂದು ತುಂಡು ಕಡಲಿನಲ್ಲೂ ಇತ್ತು. ಕಾರವಾರದ ದಕ್ಷಿಣಕ್ಕೆ, ಬಿಣಗಾದ ಎದುರಿನಲ್ಲಿರುವ ಅಂಜದೀವ ದ್ವೀಪ ಪೋರ್ಚುಗೀಸರದಾಗಿತ್ತು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಹಡಗು ನಿಲ್ಲಿಸಿದ್ದ. 1505ರಲ್ಲಿ ಆಲ್ಮೇಡ ಕೋಟೆ ಕಟ್ಟಿಸಿದ್ದ. ಮುಂಬಯಿಯನ್ನು ಪೋರ್ಚುಗೀಸರಿಂದ ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಸೇನಾನಿ ಅಬ್ರಹಾಂ ಶಿಪ್‌ಮನ್ ವಿವಾದ ತೀರದೆ ಇಲ್ಲಿಯೇ ಬಿಡಾರ ಹೂಡಿ, 1664ರಲ್ಲಿ ಇಲ್ಲಿಯೇ ತೀರಿಕೊಂಡ. ಅವನ ಸೈನಿಕರಲ್ಲಿ ಬಹುಪಾಲು ಜನರ ಮಣ್ಣೂ ಇಲ್ಲಿಯೇ. ಅಂಕೋಲೆಯ ಆರ್ಯಾದುರ್ಗೆ ಈ ದ್ವೀಪದ ದೇವತೆ, ಪರಂಗಿಯವರ ಭಯದಿಂದ ಅವಳನ್ನು ದಡಕ್ಕೆ ತಂದರು ಎಂಬುದು ಈ ಸೀಮೆಯ ನಂಬಿಕೆ.

1961ರ ನವೆಂಬರಿನಲ್ಲಿ ಈ ದ್ವೀಪದಿಂದ ಹಾರಿದ ಗುಂಡು ಸಾಬರಮತಿ ಎಂಬ ಹಡಗಿಗೆ ತಾಗಿತು. ಅದೇ ತಿಂಗಳು ಒಬ್ಬ ಮೀನುಗಾರ ಗುಂಡಿಗೆ ಸಿಕ್ಕಿ ಸತ್ತ. ತಾಳ್ಮೆಯ ಕಟ್ಟೆ ಒಡೆಯಿತು. ಡಿಸೆಂಬರ್ 18ರಂದು ಭಾರತದ ಸೇನೆ ಮೂರು ಕಡೆಯಿಂದಲೂ ಗೋವೆಯನ್ನು ಹೊಕ್ಕಿತು. ಅಂಜದೀವಕ್ಕೆ ಬಂದವು ಐಎನ್‌ಎಸ್ ಮೈಸೂರು, ಐಎನ್‌ಎಸ್ ತ್ರಿಶೂಲ ಎಂಬ ಯುದ್ಧನೌಕೆಗಳು. ದ್ವೀಪದ ಎದುರಿನ ದಡ ಅಂದಿಗೆ ಮೈಸೂರು ರಾಜ್ಯ. ನೌಕೆಯ ಹೆಸರೂ ಮೈಸೂರು. ಇಳಿದ ನಾವಿಕರ ಮೇಲೆ ಗುಂಡಿನ ಮಳೆಯಾಗಿ ಏಳು ಮಂದಿ ಸತ್ತರು. ಮರುದಿನ ದ್ವೀಪವೂ ಶರಣಾಯಿತು, ಪಣಜಿಯೂ ಶರಣಾಯಿತು. ಇಡೀ ಕಾರ್ಯಾಚರಣೆ ಎರಡು ಹಗಲುಗಳಲ್ಲಿ ಮುಗಿದದ್ದರಿಂದ ಅದು ಸುಲಭದ ಗೆಲುವೆಂದು ಹೇಳುವವರಿದ್ದಾರೆ. ಅಂಜದೀವದ ದಂಡೆಯಲ್ಲಿರುವ ಸ್ಮಾರಕ ಆ ಮಾತಿಗೆ ಒಪ್ಪುವುದಿಲ್ಲ.

ಆ ದ್ವೀಪ ಈಗ ಕಾರವಾರದ ನೌಕಾನೆಲೆಯ ತೋಳಿನೊಳಗಿದೆ. ಅಲೆತಡೆಯ ಗೋಡೆ ಅದನ್ನು ದಡಕ್ಕೆ ಬೆಸೆದಿದೆ. ಆದರೂ ಕಂದಾಯದ ದಾಖಲೆಯಲ್ಲಿ ಅದು ಕರ್ನಾಟಕದ್ದಲ್ಲ, ಗೋವೆಯದು. ಮಾಜಾಳಿಯ ತಪಾಸಣೆಯ ಕಟ್ಟೆಯೂ ಪೂರ್ತಿ ಮಾಯವಾಗಲಿಲ್ಲ. ಅಬಕಾರಿಯವರು ಅಲ್ಲಿ ಬಸ್ಸುಗಳಲ್ಲಿ ಗೋವೆಯ ಶೀಶೆಗಳನ್ನು ಹುಡುಕುತ್ತಾರೆ. 2020ರಲ್ಲಿ ಕೊರೋನಾದ ಕಾಲಕ್ಕೆ ಅದೇ ಜಾಗದಲ್ಲಿ ದಾರಿ ಮತ್ತೊಮ್ಮೆ ಮುಚ್ಚಿದಾಗ, ಗೋವೆಯ ಮೀನುದೋಣಿಗಳಲ್ಲಿ, ಕಾರಖಾನೆಗಳಲ್ಲಿ ದುಡಿಯುತ್ತಿದ್ದ ಈ ಜಿಲ್ಲೆಯವರು ಆಚೆಯೇ ಉಳಿದರು. ಹಳೆಯದನ್ನು ಕಂಡಿದ್ದ ಮುದುಕರಿಗೆ 1955 ನೆನಪಾಗಿರಬೇಕು.

ಗೋವೆ ಭಾರತದ್ದೆಂದು ಪೋರ್ಚುಗಲ್ ಒಪ್ಪಿಕೊಂಡದ್ದು 1974ರ ಕೊನೆಯಲ್ಲಿ, ಸರ್ವಾಧಿಕಾರ ಅಲ್ಲಿ ಉರುಳಿದ ಮೇಲೆ. ಒಪ್ಪಿಕೊಂಡರೂ ಅದರ ಪೌರತ್ವದ ಕಾಯಿದೆ ಒಂದು ತಾರೀಖನ್ನು ಬಿಟ್ಟುಕೊಟ್ಟಿಲ್ಲ. 1961ರ ಡಿಸೆಂಬರ್ 19ಕ್ಕೆ ಮುಂಚೆ ಗೋವೆಯಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೋರ್ಚುಗೀಸರು ಎಂಬುದು ಅದರ ಎಣಿಕೆ; ಅವರ ಮಕ್ಕಳೂ ಅದನ್ನು ಹಿಡಿದು ಹಕ್ಕು ಕೇಳಬಹುದು. ಅದಕ್ಕಾಗಿ ಭಾರತದ ಪೌರತ್ವವನ್ನು ಬಿಡಬೇಕಾಗುತ್ತದೆ. ಬಿಟ್ಟು ಯುರೋಪಿಗೆ ಹೋದವರು ಸಾವಿರಾರು ಜನ. ಹೀಗಾಗಿ ಕುಮಟೆಯ ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದು ವ್ಯತ್ಯಾಸ ಇರಬಲ್ಲದು. ಒಂದು ಮನೆಯ ಅಜ್ಜಿ 1950ರಲ್ಲಿ ಪೋಳೆಯಲ್ಲಿ ಹುಟ್ಟಿದವಳು. ಅವಳ ಮಗ ಲಿಸ್ಬನ್ನಿಗೆ ಅರ್ಜಿ ಬರೆಯಬಹುದು. ಇನ್ನೊಂದು ಮನೆಯ ಅಜ್ಜಿ ಅದೇ ವರ್ಷ ಮಾಜಾಳಿಯಲ್ಲಿ ಹುಟ್ಟಿದವಳು. ಅವಳ ಮಗ ಬರೆಯುವಂತಿಲ್ಲ.